‘ಹೂ ಈಸ್’ ಪಟ್ಟಿ: ಡೊಮೈನ್ ಹೆಸರಿನ ಒಡೆಯರ ಖಾಸಗಿತನವನ್ನು ಕುರಿತು ಒಂದು ಪರಾಮರ್ಶೆ

ಯಾವುದೇ ದಾಖಲೆಯನ್ನು ಆಧಾರವಾಗಿ ಸ್ವೀಕರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ಚರಿತ್ರೆಯ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಬೋಧಿಸುತ್ತೇವೆ. ಇದನ್ನು ಬರೆಯಿಸಿದವರು ಯಾರು? ಯಾರ ಕಣ್ಣಿಗಾಗಿ ಬರೆಯಿಸಿದರು? ಇದರಲ್ಲಿ ಹೆಸರು ಕೊಟ್ಟವರಿಗೆ ಸುಳ್ಳು ಹೇಳಲು ಕಾರಣವಿದ್ದಿತೆ? ಶಾಸನ, ಕಡತ, ಕೈಫಿಯತ್ತುಗಳಿಗೆ ಅನ್ವಯಿಸುವ ಈ ಪರೀಕ್ಷೆಯನ್ನು ನಮ್ಮ ಕಾಲದ ದಾಖಲೆಗಳಿಗೆ ನಾವು ಅಷ್ಟಾಗಿ ಅನ್ವಯಿಸಿಲ್ಲ. ಅಂತರಜಾಲದಲ್ಲಿ ಜಾಲತಾಣದ ಹೆಸರು ಯಾರದೆಂದು ತಿಳಿಸುವ ‘ಹೂ ಈಸ್’ ಎಂಬ ಪಟ್ಟಿಯು ಅಂತಹ ದಾಖಲೆಗಳಲ್ಲೊಂದು. ಸುಮಾರು ಮೂವತ್ತಾರು ವರ್ಷಗಳ ಕಾಲ ಅದು ಲೋಕದ ಯಾವ ಮೂಲೆಯಲ್ಲಿ ಕುಳಿತವನಿಗೂ ಹೆಸರಿನ ಒಡೆಯನ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಕೇಳಿದೊಡನೆ ಕೊಡುತ್ತಿದ್ದಿತು. 2018ರಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಮುಚ್ಚಿದ್ದು ಸರಿಯೆ, ತಪ್ಪೆ ಎಂಬ ವಿವಾದ ಇನ್ನೂ ನಿಂತಿಲ್ಲ.

ಈ ವಿವಾದವನ್ನು ಪಾರದರ್ಶಕತೆಗೂ ಗೋಪ್ಯಕ್ಕೂ ನಡುವಣ ಹೋರಾಟವೆಂದು ವರ್ಣಿಸುವುದು ರೂಢಿಯಾಗಿದೆ. ಪಟ್ಟಿಯ ಮೂಲಪತ್ರಗಳನ್ನು ಒಂದೊಂದಾಗಿ ಓದಿ ನೋಡಿದರೆ ಆ ವರ್ಣನೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ಚಿಕ್ಕ ಬಳಗದ ಉಪಯೋಗಕ್ಕಾಗಿ ಬರೆದ ಪಟ್ಟಿಯನ್ನು, ಆ ಬಳಗ ಕರಗಿಹೋದ ಮೇಲೂ, ಯಾರೂ ಮರುಪರಿಶೀಲಿಸದೆ ಲೋಕಕ್ಕೆಲ್ಲ ತೆರೆದಿಟ್ಟುದೇ ಇಲ್ಲಿಯ ಮುಖ್ಯ ಸಂಗತಿ. ಒಡೆಯನನ್ನು ‘ನೀನು ಯಾರು’ ಎಂದು ಕೇಳಿದ ಈ ಪಟ್ಟಿಯು ವಿಚಾರಿಸಲು ಬಂದವನನ್ನು ಆ ಪ್ರಶ್ನೆ ಕೇಳಲಿಲ್ಲ. ಕೇಳುವ ಉಪಾಯವೂ ಅದರಲ್ಲಿರಲಿಲ್ಲ.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಮಾತುಗಳನ್ನು ಮೊದಲೇ ಹೇಳಬೇಕಾಗಿದೆ. ಅಂತರಜಾಲದಲ್ಲಿರುವ ಗಣಕಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿಗಳು ಮನುಷ್ಯನ ನೆನಪಿನಲ್ಲಿ ನಿಲ್ಲುವುದು ಕಷ್ಟವಾದ್ದರಿಂದ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಹೆಸರುಗಳ ವ್ಯವಸ್ಥೆಯೊಂದನ್ನು ರೂಪಿಸಿದರು. ಆ ಹೆಸರುಗಳೇ ಡೊಮೈನ್ ಹೆಸರುಗಳು. ‘ಡಾಟ್ ಕಾಮ್’ ಹೆಸರುಗಳ ಮೂಲಪಟ್ಟಿಯನ್ನು ವೆರಿಸೈನ್ ಎಂಬ ಕಂಪನಿಯೂ, ‘ಡಾಟ್ ಇನ್’ ಹೆಸರುಗಳದನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆಯೂ ಕಾಯುತ್ತವೆ. ಜನಸಾಮಾನ್ಯರು ಹೆಸರು ಪಡೆಯುವುದು ಈ ಮೂಲಸಂಸ್ಥೆಗಳಿಂದ ನೇರವಾಗಿ ಅಲ್ಲ. ನಡುವೆ ನೋಂದಣಿ ಸಂಸ್ಥೆಗಳೆಂಬ ವರ್ತಕರಿದ್ದಾರೆ. ವರ್ಷಕ್ಕಿಷ್ಟು ಎಂದು ಹಣ ಕೊಟ್ಟು, ‘ಡಾಟ್ ಕಾಮ್’ ಮೊದಲಾದವುಗಳಲ್ಲಿ ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಗಳಿಗೆ ಹೆಸರನ್ನು ಪಡೆಯಬಹುದು. ಆದಕಾರಣ ‘ಒಡೆಯ’ ಎಂಬ ಮಾತು ಇಲ್ಲಿ ಗುತ್ತಿಗೆದಾರನೆಂಬ ಅರ್ಥಕ್ಕೆ ಹತ್ತಿರವಾದುದು. ಆದರೂ ರೂಢಿಯಲ್ಲಿರುವ ಮಾತಾದ್ದರಿಂದ ಅದನ್ನೇ ಬಳಸಿದ್ದೇವೆ.

ಇನ್ನು ಮೂಲಪತ್ರಗಳು. ಮೊದಲನೆಯದು 1982ರ ಮಾರ್ಚ್ ತಿಂಗಳಿನದು, ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಬರೆದುದು, ಆರ್. ಎಫ್. ಸಿ. 812 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದೆ. ಆಗ ಅಂತರಜಾಲವೆಂಬುದು ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಅರ್ಪಾನೆಟ್ ಎಂಬ ಜಾಲವಾಗಿದ್ದಿತು. ಅದಕ್ಕೆ ಸೇರಿದ ಗಣಕಗಳು ಇನ್ನೂರು ಚಿಲ್ಲರೆ. ಕ್ಯಾಲಿಫೋರ್ನಿಯದ ಎಸ್. ಆರ್. ಐ. ಇಂಟರ್‌ನ್ಯಾಷನಲ್ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ಮೇಲ್ವಿಚಾರಣೆಯಲ್ಲಿದ್ದ ಮಾಹಿತಿ ಕೇಂದ್ರವು ಬಳಕೆದಾರರ ವಿಳಾಸಪುಸ್ತಕವನ್ನು ಇಟ್ಟಿದ್ದಿತು. ಮೇಲ್ಕಂಡ ಪತ್ರವು ಆ ಪುಸ್ತಕವನ್ನು ದೂರದಿಂದಲೇ ತೆರೆದು ನೋಡುವ ವಿಧಾನವನ್ನು ವಿವರಿಸುತ್ತದೆ. ವಿಧಾನ ಅತಿ ಸರಳ. ಕೇಂದ್ರದ ಗಣಕದ 43ನೆಯ ದ್ವಾರಕ್ಕೆ ಸಂಪರ್ಕ ಕಲ್ಪಿಸಿ ಒಂದು ಸಾಲಿನಲ್ಲಿ ಹೆಸರನ್ನು ಕಳುಹಿಸಿದರೆ ಉತ್ತರ ಬರುತ್ತದೆ, ಸಂಪರ್ಕ ಮುಗಿಯುತ್ತದೆ. ಗುರುತಿನ ಮಾತಿಲ್ಲ, ಗುಪ್ತಪದವಿಲ್ಲ.

ಜಾಲದ ಮೂಲಕ ಸಂದೇಶ ಕಳುಹಿಸಬಲ್ಲ ಪ್ರತಿಯೊಬ್ಬನೂ ತನ್ನ ಹೆಸರನ್ನು ಇಲ್ಲಿ ದಾಖಲು ಮಾಡಿಸಬೇಕೆಂದು ರಕ್ಷಣಾ ಸಂಪರ್ಕ ಇಲಾಖೆಯು ಕೋರುತ್ತದೆ. ದಾಖಲೆಗೆ ಬೇಕಾದ ವಿವರಗಳ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಪೂರ್ಣ ಹೆಸರು, ಅಮೆರಿಕದೊಳಗಿನ ಅಂಚೆಯ ವಿಳಾಸ, ಅದರಲ್ಲಿ ‘ಮೇಲ್ ಸ್ಟಾಪ್’ ಎಂಬುದೂ ಸೇರಿರಬೇಕು, ಸಂಕ್ಷೇಪಾಕ್ಷರಗಳನ್ನು ಬಿಡಿಸಿ ಹೇಳಿರಬೇಕು, ದೂರವಾಣಿ, ಇದ್ದರೆ ‘ಆಟೊವಾನ್’ ಮತ್ತು ‘ಎಫ್. ಟಿ. ಎಸ್.’ ಸಂಖ್ಯೆಗಳೊಡನೆ, ಒಂದು ಮಿಂಚಂಚೆಯ ವಿಳಾಸ. ‘ಮೇಲ್ ಸ್ಟಾಪ್’ ಎಂದರೆ ದೊಡ್ಡ ಕಚೇರಿಯೊಳಗೆ ಅಂಚೆಯನ್ನು ಹಂಚುವ ಸ್ಥಾನದ ಗುರುತು. ‘ಆಟೊವಾನ್’ ಎಂಬುದು ಅಮೆರಿಕದ ಸೈನ್ಯದ ದೂರವಾಣಿ ಜಾಲ, ‘ಎಫ್. ಟಿ. ಎಸ್.’ ಎಂಬುದು ಕೇಂದ್ರ ಸರ್ಕಾರದ ಕಚೇರಿಗಳ ದೂರವಾಣಿ. ಈ ಮೂರು ಮಾತುಗಳೂ ಒಂದನ್ನೇ ಹೇಳುತ್ತವೆ: ಪಟ್ಟಿಯನ್ನು ಬರೆದವರ ಕಣ್ಣ ಮುಂದೆ ಇದ್ದುದು ಕಚೇರಿ. ಯಾರ ಮನೆಗೂ ‘ಮೇಲ್ ಸ್ಟಾಪ್’ ಇರುವುದಿಲ್ಲ. ಕೆಲಸದ ಸ್ಥಳದ ವಿಳಾಸವನ್ನು, ಅದೇ ಬಗೆಯ ಕೆಲಸದಲ್ಲಿರುವ ಸಹೋದ್ಯೋಗಿಗಳು ತಿಳಿದುಕೊಳ್ಳಲೆಂದು ಬರೆದಿಟ್ಟ ಪುಸ್ತಕವಿದು. ಅಪರಿಚಿತನೆಂಬವನು ಆ ಜಾಲದಲ್ಲಿ ಇರಲೇ ಇಲ್ಲವಾದ್ದರಿಂದ ಕೇಳುವವನ ಗುರುತನ್ನು ಕೇಳಬೇಕೆಂದು ಬರೆದವರಿಗೆ ತೋಚದೆ ಹೋದುದು ಸಹಜವೇ ಆಗಿದೆ. ಅವರನ್ನು ದೂಷಿಸುವುದು ಅನ್ಯಾಯ.

ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. 1982ರ ಪಟ್ಟಿ ಜನರ ಪಟ್ಟಿ. ಹೆಸರುಗಳ ಒಡೆತನದ ಪಟ್ಟಿಯಲ್ಲ. ಡೊಮೈನ್ ಹೆಸರುಗಳೇ ಆಗ ಹುಟ್ಟಿರಲಿಲ್ಲ. ಮೊದಲ ‘ಡಾಟ್ ಕಾಮ್’ ಹೆಸರು ದಾಖಲಾದುದು 1985ರ ಮಾರ್ಚ್ 15ರಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಿದ್ದ ಎರಡನೆಯ ಪತ್ರವೂ, ಅಂದರೆ ಆರ್. ಎಫ್. ಸಿ. 954, ಈ ಸೇವೆಯನ್ನು ಬಳಕೆದಾರರ ವಿಳಾಸಪುಸ್ತಕವೆಂದೇ ವರ್ಣಿಸುತ್ತದೆ. ಮುಂದೆ ಹೆಸರುಗಳ ನೋಂದಣಿ ಬೆಳೆದಂತೆ ಅವುಗಳ ವಿವರವನ್ನೂ ಅದೇ ಪುಸ್ತಕದಲ್ಲಿ, ಅದೇ ತೆರೆದ ಬಾಗಿಲಿನ ಹಿಂದೆ ಸೇರಿಸುತ್ತ ಹೋದರು. ವಿಳಾಸಪುಸ್ತಕವು ಆಸ್ತಿಯ ರಿಜಿಸ್ಟರಾಗಿ ಮಾರ್ಪಟ್ಟುದು ಹೀಗೆ. ಈ ಮಾರ್ಪಾಡನ್ನು ವಿಧಿಸಿದ, ಅದರ ಉದ್ದೇಶವನ್ನು ಬಿಡಿಸಿ ಹೇಳಿದ ಪತ್ರವೊಂದನ್ನು ಹುಡುಕಿದರೆ ಕೈಗೆ ಸಿಕ್ಕುವುದು ಅಭ್ಯಾಸಬಲವೊಂದೇ.

ಹತ್ತು ಹದಿನೈದು ವರ್ಷಗಳಲ್ಲಿ ಜಾಲದ ಸ್ವರೂಪವೇ ಬದಲಾಯಿತು. 1995ರಲ್ಲಿ ಹೆಸರಿಗೆ ಹಣ ತೆಗೆದುಕೊಳ್ಳುವ ಪದ್ಧತಿ ಬಂದಿತು. ಎರಡು ವರ್ಷಗಳಿಗೆ ನೂರು ಡಾಲರು. 1998ರಲ್ಲಿ ಐಕ್ಯಾನ್ ಎಂಬ ಸಂಸ್ಥೆ ಸ್ಥಾಪಿತವಾಗಿ ಹೆಸರುಗಳ ಆಡಳಿತವನ್ನು ವಹಿಸಿಕೊಂಡಿತು. ಮರುವರ್ಷ ನೋಂದಣಿಯಲ್ಲಿ ಅನೇಕ ವರ್ತಕರ ಸ್ಪರ್ಧೆಗೆ ಅವಕಾಶವಾಯಿತು. ಹೆಸರು ಕೊಳ್ಳುವವರಲ್ಲಿ ಈಗ ಕಂಪನಿಗಳಷ್ಟೇ ಅಲ್ಲ, ಗೃಹಿಣಿಯರು, ವಿದ್ಯಾರ್ಥಿಗಳು, ಕವಿಗಳು, ಸರ್ಕಾರವನ್ನು ಟೀಕಿಸುವವರು, ಗಂಡನ ಹಿಂಸೆಗೆ ಅಂಜಿ ಬೇರೆ ಊರಿನಲ್ಲಿ ವಾಸಿಸುತ್ತಿರುವ ಹೆಂಗಸರು, ಎಲ್ಲರೂ ಇದ್ದರು. ಅವರಿಗೆ ಕಚೇರಿಯಿಲ್ಲ, ಅವರು ಬರೆದುಕೊಟ್ಟದ್ದು ಮನೆಯ ವಿಳಾಸ. ಆದರೂ ಐಕ್ಯಾನ್ ಸಂಸ್ಥೆಯು ವರ್ತಕರೊಡನೆ ಮಾಡಿಕೊಂಡ ಒಪ್ಪಂದವು ಒಡೆಯನ ಹೆಸರು, ಅಂಚೆಯ ವಿಳಾಸಗಳನ್ನೂ, ಆಡಳಿತ ಮತ್ತು ತಾಂತ್ರಿಕ ಸಂಪರ್ಕದವರ ದೂರವಾಣಿ, ಮಿಂಚಂಚೆಗಳನ್ನೂ ಸಾರ್ವಜನಿಕರಿಗೆ ತೋರಿಸಬೇಕೆಂದು ಕಡ್ಡಾಯಮಾಡಿತು. ಒಬ್ಬನೇ ನಡೆಸುವ ತಾಣದಲ್ಲಿ ಮೂರು ಸ್ಥಾನಗಳಲ್ಲೂ ಇರುವವನು ಒಬ್ಬನೇ ಎಂಬುದನ್ನು ಹೇಳಬೇಕಾಗಿಲ್ಲ.

2001ರ ಒಪ್ಪಂದದಲ್ಲಿ ಇದಕ್ಕಿಂತಲೂ ವಿಚಿತ್ರವಾದ ಒಂದು ಷರತ್ತಿದ್ದಿತು. ಇಡೀ ಪಟ್ಟಿಯನ್ನು ಸಗಟಾಗಿ ಕೇಳುವವರಿಗೆ ವರ್ತಕನು ಅದನ್ನು ಒದಗಿಸಬೇಕು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೆ ಮೀರದ ಶುಲ್ಕವನ್ನು ತೆಗೆದುಕೊಳ್ಳಬಹುದು. ಸಾರ್ವಜನಿಕ ಹಿತಕ್ಕಾಗಿ ಇಟ್ಟ ಪಟ್ಟಿಯೆಂದು ಹೇಳುತ್ತಲೇ ಅದಕ್ಕೆ ದರವನ್ನು ಗೊತ್ತುಮಾಡಿದ ಈ ವಾಕ್ಯವನ್ನು ಪಟ್ಟಿಯ ಸಮರ್ಥಕರು ಹೆಚ್ಚಾಗಿ ಉಲ್ಲೇಖಿಸುವುದಿಲ್ಲ.

ಹಣ ಕೊಡದೆಯೂ ಪಟ್ಟಿಯನ್ನು ಬಾಚಿಕೊಳ್ಳುವವರಿದ್ದರು. ರಿಜಿಸ್ಟರ್ ಡಾಟ್ ಕಾಮ್ ಎಂಬ ನೋಂದಣಿ ಸಂಸ್ಥೆಗೂ ವೆರಿಯೊ ಎಂಬ ಕಂಪನಿಗೂ ನಡೆದ ಮೊಕದ್ದಮೆಯಲ್ಲಿ ಇದರ ವಿವರವಿದೆ. ವೆರಿಯೊ ಕಂಪನಿಯ ಸ್ವಯಂಚಾಲಿತ ಯಂತ್ರವು ಪ್ರತಿದಿನ ಹೊಸದಾಗಿ ಹೆಸರು ಕೊಂಡವರ ವಿವರಗಳನ್ನು ‘ಹೂ ಈಸ್’ ಪಟ್ಟಿಯಿಂದ ಎತ್ತಿಕೊಳ್ಳುತ್ತಿದ್ದಿತು. ಒಡನೆಯೇ ಅವರಿಗೆ ಮಿಂಚಂಚೆ, ದೂರವಾಣಿಗಳ ಮೂಲಕ ಮಾರಾಟದ ಕರೆ ಹೋಗುತ್ತಿದ್ದಿತು. ಮೇಲ್ಮನವಿಯ ನ್ಯಾಯಾಲಯ 2004ರ ಜನವರಿಯಲ್ಲಿ ರಿಜಿಸ್ಟರ್ ಡಾಟ್ ಕಾಮ್ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಓದುವಾಗ ಒಂದು ಸಂಗತಿ ಮನಸ್ಸನ್ನು ಚುಚ್ಚುತ್ತದೆ. ಅಲ್ಲಿ ಹಾನಿಗೊಳಗಾದವನೆಂದು ನಿಂತವನು ವರ್ತಕ. ಅವನ ಗಣಕಕ್ಕೆ ಭಾರವಾಯಿತು, ಅವನ ಗಿರಾಕಿಗಳು ಅವನ ಮೇಲೆ ಸಂಶಯಪಟ್ಟರು. ಯಾರ ಮನೆಯ ದೂರವಾಣಿ ದಿನವೆಲ್ಲ ಬಾರಿಸಿತೋ ಅವನು ಆ ಕಟ್ಟೆಗೆ ಬರಲೇ ಇಲ್ಲ. ಅದಕ್ಕೂ ಹಿಂದೆ, 2003ರಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇನ್ನೊಂದು ಕಂಪನಿಯ ಮೇಲೆ ಕ್ರಮ ಕೈಗೊಂಡಿದ್ದಿತು. ಆ ಕಂಪನಿಯು ಬೇರೆಡೆ ನೋಂದಾಯಿಸಿದ್ದವರಿಗೆ ಅಂಚೆಯಲ್ಲಿ ನವೀಕರಣದ ಬಿಲ್ಲಿನಂತೆ ತೋರುವ ಕಾಗದಗಳನ್ನು ಕಳುಹಿಸಿ ಅವರ ಹೆಸರುಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿದ್ದಿತು.

ಹೀಗಿರಲು ಹೆಸರು ಕೊಟ್ಟವರಿಗೆ ಸುಳ್ಳು ಹೇಳಲು ಕಾರಣವಿದ್ದಿತೆ ಎಂಬ ನಮ್ಮ ಮೂರನೆಯ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. 2009ರ ಸೆಪ್ಟೆಂಬರಿನಲ್ಲಿ ಐಕ್ಯಾನ್ ಸಂಸ್ಥೆಯು ಅಮೆರಿಕದ ವಾಣಿಜ್ಯ ಇಲಾಖೆಯೊಡನೆ ಮಾಡಿಕೊಂಡ ವಾಗ್ದಾನಪತ್ರದಲ್ಲಿ, ಯಥಾರ್ಥವೂ ಪೂರ್ಣವೂ ಆದ ‘ಹೂ ಈಸ್’ ಮಾಹಿತಿಯು ಸಾರ್ವಜನಿಕರಿಗೆ ಯಾವ ನಿರ್ಬಂಧವೂ ಇಲ್ಲದೆ ದೊರೆಯುವಂತೆ ನೋಡಿಕೊಳ್ಳುವುದಾಗಿ ಒಪ್ಪಿಕೊಂಡಿತು. ಕೆಲವೇ ತಿಂಗಳುಗಳ ಮೇಲೆ, 2010ರ ಆರಂಭದಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ರಾಷ್ಟ್ರೀಯ ಅಭಿಪ್ರಾಯ ಸಂಶೋಧನ ಕೇಂದ್ರವು ಐಕ್ಯಾನ್ ಪರವಾಗಿಯೇ ನಡೆಸಿದ ಅಧ್ಯಯನ ಪ್ರಕಟವಾಯಿತು. ಮಾದರಿಯಾಗಿ ಆರಿಸಿದ ದಾಖಲೆಗಳಲ್ಲಿ ಎಲ್ಲ ಪರೀಕ್ಷೆಗಳಲ್ಲೂ ಪೂರ್ಣವಾಗಿ ಸರಿಯೆಂದು ತೇರ್ಗಡೆಯಾದವು ನೂರಕ್ಕೆ ಸುಮಾರು 23 ಮಾತ್ರ. ‘ಯಥಾರ್ಥ’, ‘ನಿರ್ಬಂಧವಿಲ್ಲದೆ’ ಎಂಬ ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿ ಬರೆದವರು ಅವೆರಡೂ ಒಂದನ್ನೊಂದು ತಿನ್ನುತ್ತವೆಂಬುದನ್ನು ಯೋಚಿಸಲಿಲ್ಲ. ತಪ್ಪು ವಿವರಗಳೆಲ್ಲವೂ ಬೇಕೆಂದು ಕೊಟ್ಟವುಗಳಲ್ಲ. ಹಳೆಯದಾದ ವಿಳಾಸಗಳೂ ಅಚಾತುರ್ಯಗಳೂ ಅವುಗಳಲ್ಲಿ ಸೇರಿರುತ್ತವೆ. ಆದರೂ ಲೋಕಕ್ಕೆಲ್ಲ ತೋರಿಸುವೆನೆಂದು ಮುಂಚಿತವಾಗಿ ಹೇಳಿ ಮನೆಯ ವಿಳಾಸವನ್ನು ಕೇಳಿದರೆ ಅಂಜುವವನು ಸುಳ್ಳು ವಿಳಾಸವನ್ನು ಕೊಡುವನು. ಮೋಸಗಾರನು ಹೇಗೂ ಕೊಡುವನು. ನಿಜವಾದ ವಿಳಾಸವಿದ್ದು ಬಯಲಾಗುವವನು ಪ್ರಾಮಾಣಿಕನೊಬ್ಬನೇ. ಸುಳ್ಳು ವಿವರ ಕೊಟ್ಟು ಅಪರಾಧವೆಸಗಿದವರಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ಶಾಸನವನ್ನು ಅಮೆರಿಕವು 2004ರಲ್ಲಿಯೇ ಮಾಡಿದ್ದಿತು; 2010ರ ಅಂಕಿಯನ್ನು ನೋಡಿದರೆ ಅದರಿಂದ ಪಟ್ಟಿ ಶುದ್ಧವಾಯಿತೆಂದು ಹೇಳುವಂತಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ದೇಶದಲ್ಲೇ ಇದೆ. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದ ಪ್ರಕಾರ ಗಣತಿದಾರನು ಬರೆದುಕೊಂಡ ವೈಯಕ್ತಿಕ ವಿವರಗಳನ್ನು ಯಾರೂ ತೆರೆಸಿ ನೋಡುವಂತಿಲ್ಲ. ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು ಎಂಬುದನ್ನು ಅಪರಿಚಿತನಿಗೆ ಜನರು ಬಾಗಿಲಲ್ಲಿ ನಿಂತು ಹೇಳುವುದು ಆ ಭರವಸೆಯ ಮೇಲೆ. ಗುಟ್ಟನ್ನು ಕಾಪಾಡುವೆನೆಂಬ ಮಾತು ಇಲ್ಲಿ ಸತ್ಯವನ್ನು ಹೊರಡಿಸುವ ಸಾಧನವಾಗಿದೆ.

ಪ್ರತಿಪಕ್ಷದವರ ವಾದವನ್ನು ಅದರ ಬಲವಾದ ರೂಪದಲ್ಲಿಯೇ ಎತ್ತಿಕೊಳ್ಳಬೇಕು. ಚರಿತ್ರೆಯನ್ನು ಬಲ್ಲವರು ಇಲ್ಲಿ 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆಯನ್ನು ನೆನೆಯಬಹುದು. ಆ ಕಾಯಿದೆಯ ಮೇರೆಗೆ ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಮೇಲೂ ಪತ್ರಿಕೆಯ ಮೇಲೂ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕಾಗಿದ್ದಿತು. ಬ್ರಿಟಿಷರ ಕಾಲದ ಆ ನಿಯಮ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2023ರ ಹೊಸ ಕಾಯಿದೆ 2024ರ ಮಾರ್ಚಿನಲ್ಲಿ ಜಾರಿಗೆ ಬರುವವರೆಗೆ ಬಾಳಿತು. ಪುಸ್ತಕಕ್ಕೆ ಬೇಕಾದದ್ದು ಜಾಲತಾಣಕ್ಕೇಕೆ ಬೇಡ? ಅಂತೆಯೇ ಕರ್ನಾಟಕದಲ್ಲಿ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಯಾರು ಬೇಕಾದರೂ ನೋಡಬಹುದು. ಹೊಲದ ಒಡೆಯನ ಹೆಸರು ಗುಟ್ಟಲ್ಲದಿರುವಾಗ ಡೊಮೈನ್ ಹೆಸರಿನ ಒಡೆಯನದು ಏಕೆ ಗುಟ್ಟಾಗಬೇಕು?

ವಾದ ಚೆನ್ನಾಗಿದೆ, ಹೋಲಿಕೆ ಪೂರ್ತಿಯಾಗಿ ಒಪ್ಪುವುದಿಲ್ಲ. 1867ರ ಕಾಯಿದೆ ಕೇಳಿದ್ದು ಮುದ್ರಕ ಪ್ರಕಾಶಕರ ಹೆಸರನ್ನು. ಬರೆದವನು ಕಾವ್ಯನಾಮದ ಹಿಂದೆ ಇರಬಹುದಾಗಿತ್ತು. ಕನ್ನಡದಲ್ಲಿ ಹಾಗೆ ಇದ್ದವರು ಎಷ್ಟೋ ಮಂದಿ. ಮುದ್ರಣದ ಸ್ಥಳವೆಂದರೆ ಅಚ್ಚುಕೂಟ, ವ್ಯಾಪಾರದ ಜಾಗ. ಪಹಣಿಯಲ್ಲಿ ರೈತನ ಹೆಸರಿದೆ, ವಿಸ್ತೀರ್ಣವಿದೆ, ಬೆಳೆಯ ವಿವರವಿದೆ, ಸಾಲದ ಋಣವೂ ಇದೆ. ಅವನನ್ನು ರಾತ್ರಿ ಎಬ್ಬಿಸಬಹುದಾದ ದೂರವಾಣಿಯ ಸಂಖ್ಯೆಯಿಲ್ಲ. ಜಾಲತಾಣವನ್ನು ನಡೆಸುವ ಸಾಮಾನ್ಯನಲ್ಲಿ ಲೇಖಕ, ಪ್ರಕಾಶಕ, ಅಚ್ಚುಕೂಟದವನು, ಮನೆಯೊಡೆಯ, ಈ ನಾಲ್ವರೂ ಒಬ್ಬನಾಗಿರುತ್ತಾರೆ. ಮುದ್ರಕನಿಗೆ ವಿಧಿಸಿದ ಹೊಣೆಯನ್ನು ಅವನಿಗೂ ವಿಧಿಸಬಹುದು. ಆದರೆ ವಿಧಿಸುವಾಗ ಅವನ ಮನೆಯ ಬಾಗಿಲೇ ಮುದ್ರಣದ ಸ್ಥಳವಾಗಿಬಿಡುತ್ತದೆಂಬುದನ್ನು ಮರೆಯಬಾರದು.

ವರ್ತಕರು ಈ ತೊಡಕಿಗೆ ಕಂಡುಕೊಂಡ ಪರಿಹಾರ ವ್ಯಾಪಾರಿಗಳಿಗೆ ಸಹಜವಾದುದೇ. 2002ರ ಸುಮಾರಿನಿಂದ ಅವರು ಗೋಪ್ಯತೆಯನ್ನೂ ಒಂದು ಸರಕಾಗಿ ಮಾರತೊಡಗಿದರು. ವರ್ಷಕ್ಕೆ ಇಷ್ಟು ಹೆಚ್ಚು ಹಣ ಕೊಟ್ಟರೆ ಪಟ್ಟಿಯಲ್ಲಿ ಒಡೆಯನ ವಿಳಾಸದ ಬದಲು ಬೇರೊಂದು ಸಂಸ್ಥೆಯ ವಿಳಾಸ ಬರುತ್ತದೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಒಡೆಯನ ಹೆಸರು ಉಳಿದು ವಿಳಾಸ ಮಾತ್ರ ಬದಲಾಗುತ್ತದೆ. ಇನ್ನೊಂದರಲ್ಲಿ ಆ ಸಂಸ್ಥೆಯೇ ದಾಖಲೆಯಲ್ಲಿ ಒಡೆಯನಾಗಿ ನಿಂತು ನಿಜವಾದ ಒಡೆಯನಿಗೆ ಬಳಕೆಯ ಹಕ್ಕನ್ನು ಕೊಡುತ್ತದೆ; ಇದು ಬೇನಾಮಿಗೆ ಬಹಳ ಹತ್ತಿರದ ಏರ್ಪಾಡು. ಆ ಸಂಸ್ಥೆ ದಿವಾಳಿಯೆದ್ದರೆ ಅಥವಾ ಅದರ ಮಾನ್ಯತೆ ರದ್ದಾದರೆ ಹೆಸರು ತನ್ನದೆಂದು ಸಾಧಿಸುವ ಭಾರ ಒಡೆಯನ ಮೇಲೆಯೇ ಬೀಳುತ್ತದೆ. ಬಾಗಿಲನ್ನು ತೆಗೆದಿಟ್ಟವನೇ ಪರದೆಯನ್ನೂ ಮಾರಿದ ಈ ವ್ಯವಹಾರದಲ್ಲಿ ಹಣವುಳ್ಳವನಿಗೆ, ಅದರಲ್ಲೂ ಎಚ್ಚರವುಳ್ಳ ಮೋಸಗಾರನಿಗೆ, ಮರೆ ದೊರೆಯಿತು. ಪರದೆಯೊಂದಿದೆ ಎಂಬುದನ್ನೇ ಅರಿಯದ ಸಾಧುವಿಗೆ ದೊರೆಯಲಿಲ್ಲ. ‘ಡಾಟ್ ಯು. ಎಸ್.’ ಹೆಸರುಗಳಲ್ಲಂತೂ ಹಣ ಕೊಟ್ಟರೂ ಸಿಗಲಿಲ್ಲ. 2005ರಲ್ಲಿ ಅಮೆರಿಕ ಸರ್ಕಾರವು ಅಲ್ಲಿ ಇಂತಹ ನೋಂದಣಿಯನ್ನು ನಿಷೇಧಿಸಿತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಯೂರೋಪಿನ ದತ್ತಾಂಶ ರಕ್ಷಣಾಧಿಕಾರಿಗಳ ಮಂಡಲಿಯು 2003ರ ಜೂನ್ ತಿಂಗಳಿನಲ್ಲಿಯೇ ಈ ಪಟ್ಟಿಯ ಉದ್ದೇಶವನ್ನು ಮೊದಲು ಸ್ಪಷ್ಟಪಡಿಸಬೇಕೆಂದು ಹೇಳಿದ್ದಿತು. 2004ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಮೂರನೆಯ ಮೂಲಪತ್ರ, ಆರ್. ಎಫ್. ಸಿ. 3912, ಇನ್ನೂ ಸ್ವಾರಸ್ಯವಾಗಿದೆ. ಲೆಸ್ಲಿ ಡೇಗಲ್ ಬರೆದ ಈ ಪುಟ್ಟ ಪತ್ರವು, ‘ಹೂ ಈಸ್’ ವಿಧಾನದಲ್ಲಿ ಯಾರು ನೋಡಬಹುದೆಂದು ನಿಯಂತ್ರಿಸುವ ಉಪಾಯವಾಗಲಿ ಗೋಪ್ಯತೆಯ ಏರ್ಪಾಡಾಗಲಿ ಇಲ್ಲ, ಆದ್ದರಿಂದ ಸೂಕ್ಷ್ಮವಲ್ಲದ, ಎಲ್ಲರಿಗೂ ತಿಳಿಯಬೇಕೆಂದೇ ಇರುವ ಮಾಹಿತಿಗೆ ಮಾತ್ರ ಇದನ್ನು ಬಳಸಬೇಕೆಂದು ಖಚಿತವಾಗಿ ನುಡಿಯುತ್ತದೆ. ಅಂದರೆ ಯಂತ್ರವನ್ನು ವಿವರಿಸಿದವರೇ ಅದು ಈ ಕೆಲಸಕ್ಕೆ ತಕ್ಕುದಲ್ಲವೆಂದು ಬರೆದಿಟ್ಟರು. ಒಪ್ಪಂದವು ಅದೇ ಯಂತ್ರದಿಂದ ಅದೇ ಕೆಲಸವನ್ನು ಇನ್ನೂ ಹದಿನಾಲ್ಕು ವರ್ಷ ಮಾಡಿಸಿತು. 2014ರಲ್ಲಿ ಐಕ್ಯಾನ್ ತಾನೇ ನೇಮಿಸಿದ್ದ ತಜ್ಞರ ಸಮಿತಿಯೂ, ಅನಾಮಧೇಯನಾದ ಯಾವನಿಗಾದರೂ ಎಲ್ಲವನ್ನೂ ತೋರಿಸುವ ಈ ಮಾದರಿಯನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ವರದಿ ಕಪಾಟು ಸೇರಿತು.

ಅಲುಗಾಡಿಸಿದ್ದು ದಂಡದ ಭಯ. ಯೂರೋಪಿನ ದತ್ತಾಂಶ ರಕ್ಷಣೆಯ ನಿಯಮಾವಳಿಯು 2018ರ ಮೇ 25ರಿಂದ ಅನ್ವಯವಾಗತಕ್ಕದ್ದಾಗಿತ್ತು. ಅದಕ್ಕೆ ಎಂಟು ದಿನ ಮುಂಚೆ, ಮೇ 17ರಂದು, ಐಕ್ಯಾನ್ ‘ತಾತ್ಕಾಲಿಕ’ ನಿಯಮವೊಂದನ್ನು ಅಂಗೀಕರಿಸಿ ವೈಯಕ್ತಿಕ ವಿವರಗಳನ್ನು ಸಾರ್ವಜನಿಕ ಪಟ್ಟಿಯಿಂದ ಮರೆಮಾಡಲು ಒಪ್ಪಿತು. ಅದೇ ತಿಂಗಳು ಜರ್ಮನಿಯ ಬಾನ್ ನಗರದ ನ್ಯಾಯಾಲಯಕ್ಕೆ ಮೊಕದ್ದಮೆ ಹೋಯಿತು. ಈಪಾಗ್ ಎಂಬ ಅಲ್ಲಿನ ನೋಂದಣಿ ಸಂಸ್ಥೆಯು ಆಡಳಿತ ಮತ್ತು ತಾಂತ್ರಿಕ ಸಂಪರ್ಕದವರ ವಿವರಗಳನ್ನು ಇನ್ನು ಮೇಲೆ ತೆಗೆದುಕೊಳ್ಳುವುದೇ ಇಲ್ಲವೆಂದಿತು. ತೆಗೆದುಕೊಳ್ಳಲೇಬೇಕೆಂದು ಐಕ್ಯಾನ್ ಪಟ್ಟುಹಿಡಿಯಿತು. ನ್ಯಾಯಾಲಯ ಐಕ್ಯಾನ್ ಕೋರಿಕೆಯನ್ನು ತಳ್ಳಿಹಾಕಿತು. ಅದರ ತರ್ಕ ಸರಳ. ಮೂರು ಸ್ಥಾನಗಳಲ್ಲೂ ಒಬ್ಬನದೇ ವಿವರವನ್ನು ತುಂಬಲು ಇಷ್ಟು ವರ್ಷಗಳಿಂದ ಅವಕಾಶವಿದ್ದ ಮೇಲೆ ಮಿಕ್ಕ ಎರಡು ಅಗತ್ಯವೆಂದು ಹೇಗೆ ನಂಬುವುದು? ಪಟ್ಟಿಯ ಉದ್ದೇಶವೇನೆಂದು ನ್ಯಾಯಾಲಯವೊಂದು ಕೇಳಿದೊಡನೆ ಅದರ ಎರಡು ಅಂಕಣಗಳು ಕುಸಿದುಬಿದ್ದವು. ಅದೇ ವರ್ಷ ಕೊಲೋನಿನ ಮೇಲ್ಮನವಿಯ ನ್ಯಾಯಾಲಯವೂ ಐಕ್ಯಾನ್ ಮನವಿಯನ್ನು ಪುರಸ್ಕರಿಸಲಿಲ್ಲ.

ಇಷ್ಟಾಗಿ ಈಗಿನ ವ್ಯವಸ್ಥೆಯೂ ದೋಷರಹಿತವೆಂದು ಹೇಳಲಾರೆವು. ಯೂರೋಪಿನ ನಿಯಮ ಕಾಯುವುದು ಮನುಷ್ಯರ ಖಾಸಗಿತನವನ್ನು, ಕಂಪನಿಗಳದನ್ನಲ್ಲ. ಐಕ್ಯಾನ್ ನಿಯಮವಾದರೋ ಇವೆರಡರ ಭೇದವನ್ನೆಣಿಸದೆ ಎಲ್ಲವನ್ನೂ ಮುಚ್ಚಲು ವರ್ತಕರಿಗೆ ಸ್ವಾತಂತ್ರ್ಯ ಕೊಟ್ಟಿತು. ಬೇರ್ಪಡಿಸುವ ಶ್ರಮಕ್ಕಿಂತ ಮುಚ್ಚುವುದು ಸುಲಭವಾದ್ದರಿಂದ ಅನೇಕರು ಮುಚ್ಚಿದರು. ಬ್ಯಾಂಕಿನ ಹೆಸರನ್ನು ಹೋಲುವ ಹೆಸರಿಟ್ಟು ಹಣ ಕಸಿಯುವ ತಾಣವನ್ನು ಬೆನ್ನಟ್ಟುವ ಪೊಲೀಸರಿಗೂ, ಸಂಶೋಧಕರಿಗೂ, ವಂಚಿತನಿಗೂ ಇದರಿಂದ ತೊಂದರೆಯಾಗಿದೆ. ಅವರ ದೂರು ನಿಜವಾದುದು. ಹಣ ಪಡೆದು ಸರಕು ಮಾರುವ ಅಂಗಡಿಯವನು ಅಂಗಡಿಯ ವಿಳಾಸವನ್ನು ಬಚ್ಚಿಡುವುದಕ್ಕೆ ಖಾಸಗಿತನವೆಂಬ ಹೆಸರು ಸಲ್ಲದು. ಯೂರೋಪಿನ 2022ರ ಡಿಸೆಂಬರಿನ ನಿರ್ದೇಶವು ಇದನ್ನು ತಿದ್ದಲು ಯತ್ನಿಸಿದೆ: ವೈಯಕ್ತಿಕವಲ್ಲದ ವಿವರಗಳನ್ನು ಪ್ರಕಟಿಸಬೇಕು, ನ್ಯಾಯವಾದ ಕಾರಣ ತೋರಿಸಿ ಕೇಳಿದವರಿಗೆ 72 ಗಂಟೆಗಳೊಳಗೆ ಉತ್ತರ ಹೇಳಬೇಕು. 2023ರ ನವೆಂಬರಿನಲ್ಲಿ ಐಕ್ಯಾನ್ ಆರಂಭಿಸಿದ ಕೋರಿಕೆಯ ವ್ಯವಸ್ಥೆಯಲ್ಲಿ, ವಿವರ ಬೇಕೆಂಬವನು ತಾನು ಯಾರು, ಏಕೆ ಬೇಕು ಎಂಬುದನ್ನು ಬರೆದುಕೊಡಬೇಕು. ವರ್ತಕರು ಅದರಲ್ಲಿ ಸೇರುವುದು ಅವರ ಇಚ್ಛೆಗೆ ಬಿಟ್ಟದ್ದೆಂಬ ಕೊರತೆಯೊಂದಿಗೆ ಅದು ಹೊರಟಿತು. ಹಳೆಯ ವಿಧಾನದ ಬದಲಿಗೆ ಬಂದಿರುವ ಆರ್‌ಡ್ಯಾಪ್ ಎಂಬ ಹೊಸ ವಿಧಾನದಲ್ಲಿ ಕೇಳುವವನನ್ನು ಗುರುತಿಸಿ, ಅವನ ಅಧಿಕಾರಕ್ಕೆ ತಕ್ಕಷ್ಟನ್ನೇ ತೋರಿಸಲು ಸಾಧ್ಯ. ‘ಡಾಟ್ ಕಾಮ್’ ಮೊದಲಾದವುಗಳಲ್ಲಿ ‘ಹೂ ಈಸ್’ ಸೇವೆಯನ್ನು ನಡೆಸಬೇಕೆಂಬ ಕಡ್ಡಾಯ 2025ರ ಜನವರಿ 28ರಂದು ಮುಗಿಯಿತು.

ಕನ್ನಡಿಗರಿಗೆ ಈ ಬದಲಾವಣೆಯಿಂದ ಒಂದು ಪ್ರಾಸಂಗಿಕ ಲಾಭವಿದೆ. ‘ಹೂ ಈಸ್’ ವಿಧಾನದಲ್ಲಿ ಯಾವ ಲಿಪಿಯಲ್ಲಿ ಬರೆದಿದೆಯೆಂದು ಸೂಚಿಸುವ ಏರ್ಪಾಡೇ ಇರಲಿಲ್ಲ; 2004ರ ಪತ್ರ ಅದನ್ನೂ ಒಪ್ಪಿಕೊಂಡಿದೆ. ಕನ್ನಡ ಲಿಪಿಯಲ್ಲಿ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳು ಬಂದಿರುವ ಕಾಲದಲ್ಲಿ ಒಡೆಯನ ಹೆಸರನ್ನು ರೋಮನ್ ಅಕ್ಷರಗಳಿಗೆ ತಿರುಚಬೇಕಾದ ಆವಶ್ಯಕತೆ ಹೊಸ ವಿಧಾನದಲ್ಲಿಲ್ಲ.

ಭಾರತದ ಮಟ್ಟಿಗೆ ವಿಚಾರಿಸಬೇಕಾದುದು ಇನ್ನೂ ಉಳಿದಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ತನ್ನನ್ನು ಕುರಿತ ಮಾಹಿತಿಯ ಮೇಲಿನ ಅಧಿಕಾರವೂ ಅದರಲ್ಲಿ ಸೇರಿದೆ. ಅನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆ ಕಾಯಿದೆಯ 3ನೆಯ ಪ್ರಕರಣವನ್ನು ನಮ್ಮ ವಿಷಯದ ಬೆಳಕಿನಲ್ಲಿ ಓದಿದರೆ ಆತಂಕವಾಗುತ್ತದೆ. ವ್ಯಕ್ತಿಯು ತಾನೇ ಸಾರ್ವಜನಿಕಗೊಳಿಸಿದ ಅಥವಾ ಸಾರ್ವಜನಿಕವಾಗುವಂತೆ ಮಾಡಿದ ಮಾಹಿತಿಗೂ, ಕಾನೂನಿನ ಕಟ್ಟಳೆಯಂತೆ ಬೇರೆಯವರು ಸಾರ್ವಜನಿಕಗೊಳಿಸಿದ ಮಾಹಿತಿಗೂ ಕಾಯಿದೆ ಅನ್ವಯಿಸುವುದಿಲ್ಲ. ನೋಂದಣಿಯ ಅರ್ಜಿಯ ಕೊನೆಯಲ್ಲಿ, ಯಾರೂ ಓದದ ಸಣ್ಣಕ್ಷರದ ಷರತ್ತಿಗೆ ಗುರುತು ಹಾಕಿದ ಒಡೆಯನು ತನ್ನ ವಿಳಾಸವನ್ನು ತಾನೇ ಬಯಲುಮಾಡಿದನೆಂದು ವಾದಿಸುವುದು ಕಷ್ಟವಲ್ಲ. ಹಾಗಾದರೆ ಒಮ್ಮೆ ಬಯಲಾದ ವಿಳಾಸವನ್ನು ಎತ್ತಿಕೊಂಡು ಮಾರುವವನಿಗೆ ಈ ಕಾಯಿದೆಯ ಅಂಕುಶ ತಗಲುವುದಿಲ್ಲ. ಪಟ್ಟಿಯನ್ನು ತೆರೆದಿಡಬೇಕೆ ಮುಚ್ಚಬೇಕೆ ಎಂಬುದು ಆದಕಾರಣ ನಮ್ಮಲ್ಲಿ ಕೇವಲ ವರ್ತಕರ ಅನುಕೂಲದ ಪ್ರಶ್ನೆಯಾಗಿ ಉಳಿಯಲಾರದು. ತೆರೆದಿಡುವ ನಿರ್ಧಾರವೊಂದೇ ಕಾಯಿದೆಯ ರಕ್ಷಣೆಯನ್ನು ಕಳಚಿಹಾಕಬಲ್ಲದು. ಕಾಲೇಜಿನ ಸಂಘಗಳಿಗೋ ವಿಭಾಗಗಳಿಗೋ ಜಾಲತಾಣ ತೆರೆಯುವ ಅಧ್ಯಾಪಕರು ನೋಂದಣಿಯನ್ನು ಸಂಸ್ಥೆಯ ಹೆಸರಿನಲ್ಲಿ, ಕಚೇರಿಯ ದೂರವಾಣಿಯೊಡನೆ ಮಾಡಿಸುವುದು ಲೇಸು. ಅಧ್ಯಾಪಕರು ನಿವೃತ್ತರಾದ ಮೇಲೆ ಹೆಸರನ್ನು ಉಳಿಸಿಕೊಳ್ಳುವುದಕ್ಕೂ ಅದು ಅನುಕೂಲ.

ಕೊನೆಯದಾಗಿ ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ ಒಂದು ಮಾತು. 2018ಕ್ಕೆ ಮುಂಚಿನ ಪಟ್ಟಿಯ ಪ್ರತಿಗಳು ನಾಶವಾಗಿಲ್ಲ. ವರ್ಷಗಟ್ಟಲೆ ಅವನ್ನು ನಕಲು ಮಾಡಿಟ್ಟುಕೊಂಡಿರುವ ಕಂಪನಿಗಳಿವೆ. ಅವು ಹಣಕ್ಕೆ ದೊರೆಯುತ್ತವೆ. ಅಂತರಜಾಲದ ಚರಿತ್ರೆಯನ್ನು ಬರೆಯುವವನಿಗೆ ಇದು ಬೆಲೆಬಾಳುವ ಆಕರವೆಂಬುದನ್ನು ಅಲ್ಲಗಳೆಯಲಾರೆವು. ಯಾವ ತಾಣ ಯಾವಾಗ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಬೇರೆ ಆಧಾರಗಳು ವಿರಳ. ಅಮೆರಿಕದಲ್ಲಿ ಜನಗಣತಿಯ ವೈಯಕ್ತಿಕ ಹಾಳೆಗಳನ್ನು 72 ವರ್ಷಗಳ ಮೇಲೆ ಸಂಶೋಧಕರಿಗೆ ತೆರೆಯುವ ಪದ್ಧತಿಯಿದೆ. ಡೊಮೈನ್ ಹೆಸರುಗಳ ಹಳೆಯ ಪಟ್ಟಿಗೆ ಅಂತಹ ಅವಧಿಯನ್ನು ಯಾರೂ ಗೊತ್ತುಮಾಡಿಲ್ಲ. ಗೊತ್ತಾಗುವವರೆಗೆ, ಈ ವಿಷಯವನ್ನು ಎತ್ತಿಕೊಳ್ಳುವ ಸಂಶೋಧಕ ವಿದ್ಯಾರ್ಥಿಯು ಆ ಪ್ರತಿಗಳಿಂದ ಸಂಸ್ಥೆಗಳ ಹೆಸರನ್ನೂ ನೋಂದಣಿಯ ತಾರೀಖನ್ನೂ ಧಾರಾಳವಾಗಿ ತೆಗೆದುಕೊಳ್ಳಬಹುದು. ಬದುಕಿರುವವರ ಮನೆಯ ವಿಳಾಸವನ್ನು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅಚ್ಚುಮಾಡುವುದಕ್ಕೆ ಯಾವ ಕಾರಣವೂ ನಮಗೆ ತೋರುವುದಿಲ್ಲ.